ಕೊಳೆ ಕಡೆಯವಳ ಬೆಕ್ಕು

ಕೋಳಿಯಮ್ಮ ಅವಳನ್ನು ಮೊದಲ ಸಲ ನೋಡಿದಾಗ ಅವಳು ಮೆಟ್ಟಿಲ ತಿರುವಿನಲ್ಲಿ ಮಂಡಿಯೂರಿ ನೆಲ ಉಜ್ಜುತ್ತಿದ್ದಳು. ಗಂಡ ತೀರಿಕೊಂಡ ಮೇಲೆ ಕೋಳಿ ಅಂಗಡಿಯನ್ನು ಮೈದುನನಿಗೆ ಬಿಟ್ಟುಕೊಟ್ಟು, ಹಾಸಿಗೆಯ ಸುರುಳಿ ಮತ್ತು ಪಾತ್ರೆಯ ಚೀಲ ಹೊತ್ತುಕೊಂಡು ಕೋಳಿಯಮ್ಮ ಆ ಹಳೆಯ ಕಟ್ಟಡದ ಮೇಲಿನ ಕೋಣೆಗೆ ಬಂದ ದಿನ ಅದು. ನೆಲ ಉಜ್ಜುವವಳ ಪಕ್ಕದಲ್ಲಿದ್ದ ಬಕೆಟ್ಟಿನಿಂದ ಏಳುತ್ತಿದ್ದ ಘಾಟು ಮೂಗಿನಿಂದ ನೆತ್ತಿಗೇರುವಂಥದ್ದು. ಕೋಳಿ ಕೊಯ್ಯುವ ಕಡೆ ಬದುಕು ಸವೆಸಿದ ಕೋಳಿಯಮ್ಮನೇ ಸೆರಗನ್ನು ಮೂಗಿಗೆ ಹಿಡಿದಳು.

"ಕಾಲು ಎತ್ತಿಡಿ, ಒದ್ದೆ ಇದೆ" ಎಂದಳು ಅವಳು, ತಲೆ ಎತ್ತದೆ.

ಏನು ಚೆಲ್ಲಿತು ಎಂದು ಕೋಳಿಯಮ್ಮ ಕೇಳಿದಳು. ಚೆಲ್ಲಲಿಲ್ಲ, ನಮ್ಮ ದೊರೆ ಹೊಯ್ದಿದ್ದಾನೆ ಎಂಬ ಉತ್ತರ ಬಂತು. ಹಾಸಿಗೆ ಹಿಡಿದ ಗಂಡನನ್ನು ಕೊನೆಯವರೆಗೆ ತೊಳೆದು ಬಳಿದು ನೋಡಿಕೊಂಡಿದ್ದ ಕೋಳಿಯಮ್ಮ ಚೀಲವನ್ನು ಕೆಳಗಿಟ್ಟಳು. ಪಾಪ, ಯಜಮಾನರಿಗೆ ಎಷ್ಟು ವಯಸ್ಸು ಎಂದು ವಿಚಾರಿಸಿದಳು.

"ಯಜಮಾನರಂತೆ ಯಜಮಾನರು. ಅಲ್ಲಿ ಕೂತಿದ್ದಾನೆ ನೋಡಿ."

ಕಿಟಕಿಯ ದಂಡೆಯ ಮೇಲೆ ಬೂದು ಬಣ್ಣದ ಗಂಡು ಬೆಕ್ಕೊಂದು ಇಬ್ಬರನ್ನೂ ಕ್ಯಾರೇ ಅನ್ನದೆ ಪಂಜ ನೆಕ್ಕುತ್ತ ಕೂತಿತ್ತು.

ಕಟ್ಟಡದವರು ಅವಳಿಗೆ ಬ್ಲೀಚಿಂಗಮ್ಮ ಎಂದು ಹೆಸರಿಟ್ಟಿದ್ದರು. ಎದುರಿಗೆ ಕರೆಯುವ ಧೈರ್ಯ ಯಾರಿಗೂ ಇರಲಿಲ್ಲ, ಆದರೆ ಅವಳಿಗೆ ಗೊತ್ತಿತ್ತು. ಅವಳಿಗೆ ಮದುವೆಯಾಗಿರಲಿಲ್ಲ. ದೊಡ್ಡ ಆಸ್ಪತ್ರೆಯೊಂದರ ಲಾಂಡ್ರಿಯಲ್ಲಿ ಹರೆಯದಲ್ಲಿ ಸೇರಿಕೊಂಡವಳು ಕೂದಲು ನರೆತ ಮೇಲೆ ಹೊರಬಂದಿದ್ದಳು. ಅವಳ ಕೋಣೆಯಲ್ಲಿ ಹಾಸಿಗೆಯ ಮೇಲಿನ ಬಟ್ಟೆ ಕಾಗದದಂತೆ ಗರಿಗರಿಯಾಗಿರುತ್ತಿತ್ತು, ಒರೆಸುವ ಬಟ್ಟೆಗಳು ಅಂಚಿಗೆ ಅಂಚು ಕೂಡಿಸಿ ಮಡಚಿ ಇಟ್ಟಿರುತ್ತಿದ್ದವು. ಇಷ್ಟೆಲ್ಲ ಬಿಳಿಯ ನಡುವೆ ದೊರೆ ಬಾಗಿಲ ಬಳಿ, ಮಂಚದ ಕಾಲಿನ ಬಳಿ, ಒಂದೊಂದು ಸಲ ಮಡಚಿಟ್ಟ ಬಟ್ಟೆಯ ಮೇಲೆಯೇ ಉಚ್ಚೆ ಹೊಯ್ಯುತ್ತಿತ್ತು. ಅವಳು ಕೂಡಲೇ ಅಮೋನಿಯಾ ನೀರು ಕಲಸಿ ಉಜ್ಜುತ್ತಿದ್ದಳು. ಮಾರನೆಯ ದಿನ ಅದು ಹುಡುಕಿಕೊಂಡು ಬಂದು ಅದೇ ಜಾಗದಲ್ಲಿ ಮತ್ತೆ ಹೊಯ್ಯುತ್ತಿತ್ತು. ಇದು ಹಠ, ನಾನು ಮನೆಯಲ್ಲಿ ಕೂತಿರುವುದು ಅದಕ್ಕೆ ಸಹಿಸಲಾಗುತ್ತಿಲ್ಲ ಎನ್ನುವುದು ಅವಳ ತೀರ್ಮಾನ. ನೆರೆಯವರು ಬೆಕ್ಕನ್ನು ಎಲ್ಲಾದರೂ ಬಿಟ್ಟು ಬನ್ನಿ ಎಂದರೆ ಮಾತ್ರ ಅವಳ ಮುಖ ಗಂಟಾಗುತ್ತಿತ್ತು.

ಬಿಡುವುದಕ್ಕೆ ಯಾಕೆ ಆಗುವುದಿಲ್ಲ ಎಂಬುದನ್ನು ಅವಳು ಕೋಳಿಯಮ್ಮನಿಗೆ ಒಂದು ಮಧ್ಯಾಹ್ನ ಹೇಳಿದಳು. ಆ ಲಾಂಡ್ರಿಯ ಮಧ್ಯೆ ಉದ್ದಕ್ಕೂ ಒಂದು ಗೋಡೆ ಇತ್ತಂತೆ. ಒಗೆಯುವ ಯಂತ್ರಗಳನ್ನು ಆ ಗೋಡೆಯೊಳಗೇ ಕೂರಿಸಿದ್ದರಂತೆ, ಈ ಕಡೆ ಒಂದು ಬಾಗಿಲು, ಆ ಕಡೆ ಒಂದು ಬಾಗಿಲು. ರಕ್ತ, ಕೀವು, ಹೇಲು, ವಾಂತಿ ಹತ್ತಿದ ಬಟ್ಟೆಯೆಲ್ಲ ಈ ಕಡೆಗೆ ಬರುತ್ತಿತ್ತು, ಇದು ಕೊಳೆ ಕಡೆ. ಒಗೆದದ್ದು ಆ ಕಡೆ ಹೊರಬೀಳುತ್ತಿತ್ತು. ಕೊಳೆ ಕಡೆಯವರ ಕೈ ಒಗೆದ ಬಟ್ಟೆಗೆ ತಾಗಕೂಡದು. ಬರುವ ಬಾಗಿಲು ಬೇರೆ, ನಲ್ಲಿ ಬೇರೆ, ನೀರು ಕುಡಿಯುವ ಲೋಟವೂ ಬೇರೆ. ಸೋಂಕು ದಾಟದಿರಲಿ ಎಂದು ಮಾಡಿದ ನಿಯಮ, ಅದರಲ್ಲಿ ತಪ್ಪೇನೂ ಇಲ್ಲ ಎಂದು ಅವಳೇ ಒತ್ತಿ ಹೇಳಿದಳು. ಅವಳು ಹರೆಯದಿಂದ ಮುಪ್ಪಿನವರೆಗೆ ಕೊಳೆ ಕಡೆಯವಳು. ಆ ಕಡೆಯ ಹೆಂಗಸರ ನಗು ಯಂತ್ರದ ಸದ್ದಿನ ನಡುವೆ ಕೇಳಿಸುತ್ತಿತ್ತೇ ಹೊರತು ಮುಖ ಗೊತ್ತಿರಲಿಲ್ಲ. ವಾರ್ಡಿಗೆ ಬಟ್ಟೆ ಒಯ್ದು ಕೊಡುವವರೂ ಅವರೇ, ರೋಗಿಗಳ ಕೈಯಿಂದ "ದೇವರು ಒಳ್ಳೇದು ಮಾಡಲಿ" ಅನ್ನಿಸಿಕೊಳ್ಳುವವರೂ ಅವರೇ. ಕೆಲಸದ ಕೊನೆಯ ದಿನ ಅವಳು ಕೈ ಉಜ್ಜಿ ತೊಳೆದು, ಸೀರೆ ಬದಲಿಸಿ, ಹೊರಗಿನಿಂದ ಸುತ್ತಿ ಬಂದು ಆ ಕಡೆಯ ಬಾಗಿಲಲ್ಲಿ ನಿಂತಳಂತೆ. ಹೊರಡುತ್ತೇನೆ ಎಂದು ಹೇಳಿಹೋಗುವ ಆಸೆ. ಬಟ್ಟೆ ಮಡಚುತ್ತಿದ್ದ ಒಬ್ಬಳು ತಲೆ ಎತ್ತಿ, "ಯಾವ ವಾರ್ಡಿಂದ ಬಂದ್ರಿ?" ಎಂದು ಕೇಳಿದಳಂತೆ.

ಇದನ್ನು ಅವಳು ಬೇರೆ ಯಾರಿಗೋ ಆದದ್ದರಂತೆ ಹೇಳಿದಳು. ದೊರೆಯ ಮಾತು ಬಂದಾಗ ಮಾತ್ರ ದನಿ ಬದಲಾಯಿತು. ಅದು ಇನ್ನೂ ಪುಟ್ಟ ಮರಿಯಾಗಿದ್ದಾಗ ಲಾಂಡ್ರಿಯ ಹಿಂಬಾಗಿಲಿನಿಂದ ನುಗ್ಗಿ, ಕೊಳೆ ಬಟ್ಟೆಯ ರಾಶಿ ಹತ್ತಿ, ಅವಳ ಕಾಲ ಬಳಿ ಉರುಳಿ ಬಿದ್ದು, ಮತ್ತೆ ಹತ್ತಲಾರದೆ ಅವಳ ಸೀರೆಯನ್ನು ಉಗುರಿನಿಂದ ಹಿಡಿದಿತ್ತು.

"ನನ್ನನ್ನ ಹುಡುಕ್ಕೊಂಡು ಗೋಡೆಯ ಕೊಳೆ ಕಡೆಗೆ ಬಂದ ಜೀವ ಅಂದ್ರೆ ಇವನೊಬ್ಬನೇ. ನಾನು ಕರೆದಿರಲಿಲ್ಲ" ಎಂದಳು.

ಮಲಗುವಾಗ ದೊರೆ ಅವಳ ಹೊಟ್ಟೆಯ ಮೇಲೆ ಕೂತು, ತಲೆಯನ್ನು ಅವಳ ಗದ್ದದ ಕೆಳಗೆ ತೂರಿಸಿಕೊಳ್ಳುತ್ತಿತ್ತು. ಹೊಯ್ಯುವ ಕಾಟ ಎಷ್ಟೇ ಇದ್ದರೂ ಆ ಒಂದು ಗಳಿಗೆಯಲ್ಲಿ ಎಲ್ಲ ವಜಾ ಆಗಿಬಿಡುತ್ತಿತ್ತು.

ಹೀಗಿರುವಾಗ ಒಂದು ದಿನ ಬೆಕ್ಕಿನ ಕೂಗು ಮೇಲಿನ ಕೋಣೆಯವರೆಗೂ ಕೇಳಿಸಿತು. ಹಸಿವಿನ ಕೂಗಲ್ಲ, ಜಗಳದ ಕೂಗಲ್ಲ, ಹಿಂಡಿದಂಥ ಕೂಗು. ಕೋಳಿಯಮ್ಮ ಇಳಿದು ಹೋದಾಗ ದೊರೆ ತನ್ನ ಮರಳಿನ ತೊಟ್ಟಿಯಲ್ಲಿ ಬೆನ್ನು ಬಾಗಿಸಿ ಕೂತು ತಿಣುಕುತ್ತಿತ್ತು. ಏಳುವುದು, ಮತ್ತೆ ಕೂರುವುದು. ಮರಳು ಒಣಗಿಯೇ ಇತ್ತು. ಬ್ಲೀಚಿಂಗಮ್ಮ ಮಲ ಕಟ್ಟಿದೆ ಎಂದುಕೊಂಡು ಬೆಳಿಗ್ಗೆಯೇ ಹರಳೆಣ್ಣೆ ಕುಡಿಸಿದ್ದಳು. ಈಗ ಇನ್ನೊಂದು ಚಮಚ ಹಿಡಿದು ನಿಂತಿದ್ದಳು. ಕೋಳಿಯಮ್ಮ ಬೆಕ್ಕಿನ ಹೊಟ್ಟೆಯ ಕೆಳಗೆ ಅಂಗೈ ಇಟ್ಟು ನೋಡಿದಳು. ಅಲ್ಲಿ ಕಲ್ಲಿನಂಥ ಗುಂಡಗಿನ ಒಂದು ಗಂಟು ಸಿಕ್ಕಿತು, ಮುಟ್ಟಿದ್ದೇ ತಡ ಬೆಕ್ಕು ಅವಳ ಮುಂಗೈಯನ್ನು ಪರಚಿತು. ಅದೇನೆಂದು ಅವಳಿಗೂ ತಿಳಿಯಲಿಲ್ಲ, ಆದರೆ ಎಣ್ಣೆಯಿಂದ ಹೋಗುವಂಥದ್ದಲ್ಲ ಎನ್ನಿಸಿತು. ಇಬ್ಬರೂ ಬುಟ್ಟಿಗೆ ಬಟ್ಟೆ ಹಾಸಿ, ಬೆಕ್ಕನ್ನು ಇಟ್ಟುಕೊಂಡು, ಬಸ್ಸು ಹತ್ತಿ ಪ್ರಾಣಿ ಡಾಕ್ಟರ ಬಳಿಗೆ ಓಡಿದರು.

ಡಾಕ್ಟರಮ್ಮ ನೋಡಿದ ಕೂಡಲೇ ಒಳಗೆ ಒಯ್ದರು. ಉಚ್ಚೆಯ ದಾರಿ ಮರಳಿನಂಥ ಹರಳುಗಳಿಂದ ಮುಚ್ಚಿಹೋಗಿತ್ತು. ಸಣ್ಣ ನಳಿಕೆ ತೂರಿಸಿ ತೆಗೆದಾಗ ಬಂದದ್ದು ರಕ್ತ ಬೆರೆತ ನೀರು. ಗಂಡು ಬೆಕ್ಕುಗಳಿಗೆ ಇದು ಬರುತ್ತದೆ, ಇನ್ನೂ ತಡ ಮಾಡಿದ್ದರೆ ಸತ್ತೇಹೋಗುತ್ತಿತ್ತು ಎಂದರು. ಅಲ್ಲಲ್ಲಿ ಹೊಯ್ಯುತ್ತಿದ್ದದ್ದು ಹಠದಿಂದಲ್ಲ, ಉರಿ ತಡೆಯಲಾರದೆ. ಆಮೇಲೆ ನೆಲ ಯಾವುದರಿಂದ ತೊಳೆಯುತ್ತೀರಿ ಎಂದು ಕೇಳಿದರು. ಬ್ಲೀಚಿಂಗಮ್ಮ ತನಗೆ ಗೊತ್ತಿರುವ ಒಂದು ವಿಷಯ ಸಿಕ್ಕಿತೆಂದು ಅಮೋನಿಯಾ ನೀರಿನ ಹದವನ್ನು ವಿವರವಾಗಿ ಹೇಳಿದಳು. ಡಾಕ್ಟರಮ್ಮ ಮೆಲ್ಲಗೆ, "ಅಮ್ಮ, ಬೆಕ್ಕಿನ ಮೂಗಿಗೆ ಅದೂ ಉಚ್ಚೆ ವಾಸನೇನೇ. ಇಲ್ಲೇ ಹೊಯ್ಯಿ ಅಂತ ನೀವೇ ಗುರುತು ಮಾಡಿಕೊಟ್ಟ ಹಾಗಾಯ್ತು" ಎಂದರು.

ವಾಪಸು ಬರುವಾಗ ಬಸ್ಸಿನಲ್ಲಿ ಅವಳು ತನ್ನ ಅಂಗೈಯನ್ನು ಮೂಸಿ ನೋಡಿಕೊಂಡಳು. ಇಳಿಯುವ ಹೊತ್ತಿಗೆ, "ಜೀವಮಾನ ಎಲ್ಲ ಒಗೆದದ್ದೇ ಬಂತು" ಎಂದಳು, ಅಷ್ಟೇ. ಅಮೋನಿಯಾ ಡಬ್ಬ ಆ ಸಂಜೆಯೇ ಮೋರಿಗೆ ಹೋಯಿತು.

ದೊರೆ ಮನೆಗೆ ಬಂದದ್ದು ಮಾತ್ರೆಗಳೊಂದಿಗೆ. ಬೆಳಿಗ್ಗೆ ಅರ್ಧ, ಸಂಜೆ ಅರ್ಧ, ಬಹಳ ಕಾಲ ಕೊಡಬೇಕು, ತಪ್ಪಿಸಿದರೆ ಮತ್ತೆ ಕಟ್ಟಿಕೊಳ್ಳುತ್ತದೆ ಎಂಬ ಎಚ್ಚರಿಕೆ ಬೇರೆ. ಮಾತ್ರೆ ವಿಷದಷ್ಟು ಕಹಿ. ಮೊದಲ ದಿನ ಬ್ಲೀಚಿಂಗಮ್ಮ ಅದನ್ನು ಅನ್ನದಲ್ಲಿ ಬಚ್ಚಿಟ್ಟಳು, ದೊರೆ ಅನ್ನ ತಿಂದು ಮಾತ್ರೆಯನ್ನು ತಟ್ಟೆಯ ಅಂಚಿಗೆ ನೀಟಾಗಿ ಬಿಟ್ಟಿತು. ಪುಡಿ ಮಾಡಿ ಹಾಲಿಗೆ ಹಾಕಿದಳು, ನೊರೆ ಉಗುಳಿಕೊಂಡು ಕೋಣೆಯೆಲ್ಲ ಓಡಿತು. ಬಾಯಿ ಬಿಡಿಸಲು ಹೋದಳು, ಮೊಣಕೈವರೆಗೂ ಗೀರು. ಆಗ ಮೇಲಿನಿಂದ ಕೋಳಿಯಮ್ಮನನ್ನು ಕರೆದಳು.

ಹಿಡಿಯುವುದರಲ್ಲಿ ಕೋಳಿಯಮ್ಮನದು ಎತ್ತಿದ ಕೈ. ಕೋಳಿಯನ್ನು ಹೆದರಿಸದೆ, ರೆಕ್ಕೆ ಮುರಿಯದೆ ಕಂಕುಳಲ್ಲಿ ಇಟ್ಟುಕೊಳ್ಳುವ ಹದ ಅವಳ ತೋಳಿಗೆ ಗೊತ್ತಿತ್ತು. ದಪ್ಪ ಟವೆಲನ್ನು ಹಿಂದಿನಿಂದ ಹೊದಿಸಿ, ಮುಂಗಾಲು ಎರಡನ್ನೂ ಒಳಗೆ ಸೇರಿಸಿ, ತಲೆ ಮಾತ್ರ ಹೊರಗಿರುವಂತೆ ಸುತ್ತಿ ತೊಡೆಯ ಮೇಲೆ ಕೂರಿಸಿಕೊಂಡಳು. ಬ್ಲೀಚಿಂಗಮ್ಮ ಎಡಗೈಯಿಂದ ತಲೆಯನ್ನು ಮೇಲಿನಿಂದ ಹಿಡಿದು, ಹೆಬ್ಬೆರಳು ಒಂದು ಕಡೆ, ಬೆರಳು ಇನ್ನೊಂದು ಕಡೆ ದವಡೆಯ ಮೂಲೆಗೆ ಒತ್ತಿ, ಮೂತಿಯನ್ನು ಮೇಲಕ್ಕೆತ್ತಿದಳು. ಬಾಯಿ ತಾನಾಗಿ ಸಡಿಲವಾಯಿತು. ಬಲಗೈಯಿಂದ ಮಾತ್ರೆಯನ್ನು ನಾಲಿಗೆಯ ಬುಡಕ್ಕೆ ಹಾಕಿ, ಬಾಯಿ ಮುಚ್ಚಿ, ಗಂಟಲು ನೀವಿದಳು. ನಾಲಿಗೆ ಮೂಗಿನ ತುದಿಗೆ ಬಂದು ಹೋದರೆ ನುಂಗಿತು ಎಂದು ಲೆಕ್ಕ. ಗಂಟಲಲ್ಲಿ ಅಂಟಿಕೊಳ್ಳದಿರಲಿ ಎಂದು ಸೂಜಿಯಿಲ್ಲದ ಸಿರಿಂಜಿನಿಂದ ಕೆನ್ನೆಯ ಬದಿಗೆ ಸ್ವಲ್ಪ ನೀರು. ದೊರೆಯೂ ಕಡಿಮೆಯದಲ್ಲ. ನುಂಗಿದಂತೆ ನಟಿಸಿ, ಬಿಟ್ಟ ಮೇಲೆ ಬೀರುವಿನ ಹಿಂದೆ ಹೋಗಿ ಉಗುಳುತ್ತಿತ್ತು. ಒಂದು ದಿನ ಗುಡಿಸುವಾಗ ಅಲ್ಲಿ ಮಾತ್ರೆಗಳ ಸಂಸಾರವೇ ಸಿಕ್ಕಿದಾಗ ಇಬ್ಬರೂ ನಕ್ಕದ್ದುಂಟು. ಅದೇ ಅವರು ಒಟ್ಟಿಗೆ ನಕ್ಕ ಕೊನೆಯ ಸಲ ಎನ್ನಬೇಕು.

ಮಾತ್ರೆಯಾದ ಮೇಲೆ ಉಪ್ಪು ಹಾಕದೆ ಬೇಯಿಸಿದ ಮೀನಿನ ಒಂದು ಚೂರು ಕೊಡಿ, ಕಹಿ ಮರೆಯುತ್ತದೆ ಎಂದು ಡಾಕ್ಟರಮ್ಮ ಹೇಳಿದ್ದರು. ಕೆಲಸ ಹಂಚಿದವಳು ಬ್ಲೀಚಿಂಗಮ್ಮನೇ. ಅವಳ ಬೆರಳಿಗೆ ಬೆಕ್ಕಿನ ಜೊಲ್ಲು ಹತ್ತಿರುತ್ತಿತ್ತು, ಅದಕ್ಕೆ ಮೊದಲು ಅವಳು ತೊಟ್ಟಿಯ ಮರಳು ಕೆದಕಿ ಹೊಯ್ದಿದೆಯೇ ಎಂದು ನೋಡಿರುತ್ತಿದ್ದಳು. ಆ ಕೈಯಿಂದ ತಿನ್ನುವ ಪದಾರ್ಥ ಮುಟ್ಟುವುದು ಅವಳಿಗೆ ಆಗುವ ಮಾತಲ್ಲ.

"ಕೊಳೆ ಕೆಲಸ ನಂದು, ಮೀನು ನೀನು ಕೊಡು. ಎರಡಕ್ಕೂ ಒಂದೇ ಕೈ ಬೇಡ" ಎಂದಳು.

ಕೋಳಿಯಮ್ಮನಿಗೆ ಇದು ಅತಿಯೆನ್ನಿಸಿತು. ತೊಳೆದುಕೊಂಡು ಕೊಟ್ಟರೆ ಆಯಿತಲ್ಲ ಅಕ್ಕ ಎಂದಳು. ಒಪ್ಪಬೇಕಲ್ಲ. ಹೀಗೆ ಬೆಳಿಗ್ಗೆ ಸಂಜೆ ಒಂದೇ ಕ್ರಮ. ಮಾತ್ರೆ ಹಾಕಿದ ಕೂಡಲೇ ಬ್ಲೀಚಿಂಗಮ್ಮ ಬಚ್ಚಲಿಗೆ ಹೋಗಿ, ಬ್ಲೀಚು ಬೆರೆಸಿದ ನೀರಿನಲ್ಲಿ ಮೊಣಕೈವರೆಗೆ ಕೈ ಉಜ್ಜುತ್ತಿದ್ದಳು, ಲಾಂಡ್ರಿಯಲ್ಲಿ ಕಲಿತ ಹಾಗೆ, ಉಗುರಿನ ಸಂದಿಯನ್ನೂ ಬಿಡದೆ. ಅಷ್ಟರಲ್ಲಿ ಕೋಳಿಯಮ್ಮ ಟವೆಲು ಬಿಚ್ಚಿ, ಮೀನು ತಿನ್ನಿಸಿ, ಕಿವಿಯ ಹಿಂದೆ ಕೆರೆಯುತ್ತಿದ್ದಳು. ಬ್ಲೀಚಿಂಗಮ್ಮ ಕೈ ಒರೆಸಿಕೊಂಡು ಹೊರಬರುವ ಹೊತ್ತಿಗೆ ದೊರೆ ಕೋಳಿಯಮ್ಮನ ತೊಡೆಯ ಮೇಲೆ ಗುರುಗುಡುತ್ತಿರುತ್ತಿತ್ತು. ಬ್ಲೀಚಿನ ವಾಸನೆ ಹತ್ತಿರ ಬಂದಂತೆ ಗುರುಗುಡುವುದು ನಿಲ್ಲುತ್ತಿತ್ತು.

ಬೆಕ್ಕು ಗುಣವಾಗುತ್ತ ಬಂತು. ತೊಟ್ಟಿಯ ಮರಳಿನಲ್ಲಿ ಒದ್ದೆಯ ಉಂಡೆಗಳು ದಪ್ಪವಾದವು. ಬ್ಲೀಚಿಂಗಮ್ಮ ಒಂದೊಂದನ್ನೂ ಸಲಿಕೆಯಿಂದ ಎತ್ತಿ ಬೆಳಕಿಗೆ ಹಿಡಿದು, ಇವತ್ತು ನಿಂಬೆಹಣ್ಣಿನಷ್ಟು ಹೊಯ್ದಿದ್ದಾನೆ, ರಕ್ತ ಇಲ್ಲ ಎಂದು ಮೆಟ್ಟಿಲಿನಿಂದಲೇ ಕೂಗಿ ಹೇಳುತ್ತಿದ್ದಳು. ಆದರೆ ಅವಳ ಹೊಟ್ಟೆಯ ಮೇಲೆ ಮಲಗುವುದು ನಿಂತುಹೋಗಿತ್ತು. ಅವಳು ಎದ್ದು ನಿಂತರೆ ಬೆಕ್ಕು ಮಂಚದ ಕೆಳಗೆ ಸೇರುತ್ತಿತ್ತು. ಮಾತ್ರೆಯ ಹೊತ್ತಲ್ಲದಿದ್ದರೂ, ಬರಿಗೈಯಲ್ಲಿ ಹೋದರೂ ಅಷ್ಟೇ. ಬಾಗಿಲು ಅರೆ ತೆರೆದಿದ್ದರೆ ಸಾಕು, ಅದು ಮೆಟ್ಟಿಲು ಹತ್ತಿ ಕೋಳಿಯಮ್ಮನ ಕೋಣೆಗೆ ಬಂದು ಹಾಸಿಗೆಯ ಮೇಲೆ ಚಕ್ಕುಲಿಯಂತೆ ಸುತ್ತಿಕೊಳ್ಳುತ್ತಿತ್ತು.

ಮೊದಮೊದಲು ಕೋಳಿಯಮ್ಮ ಅದನ್ನು ಎತ್ತಿಕೊಂಡು ಹೋಗಿ ಕೆಳಗೆ ಬಿಟ್ಟು ಬರುತ್ತಿದ್ದಳು. ಅವಳಿಗಿಂತ ಮೊದಲೇ ಅದು ಮೇಲೆ ಬಂದು ಕೂತಿರುತ್ತಿತ್ತು. ಬರಬರುತ್ತ ಬಿಟ್ಟು ಬರುವುದು ಕಡಿಮೆಯಾಯಿತು. ಅಂಗಡಿಯಲ್ಲಿದ್ದಷ್ಟು ಕಾಲ ಯಾವ ಪ್ರಾಣಿಯೂ ಅವಳ ಕೈ ಕಂಡು ಹತ್ತಿರ ಬಂದದ್ದಿಲ್ಲ, ಗೂಡಿನ ಮೂಲೆಗೆ ಒತ್ತಿಕೊಳ್ಳುತ್ತಿದ್ದವು. ಈಗ ಒಂದು ಬೆಕ್ಕು ತಾನಾಗಿ ಬಂದು ಅಂಗೈಗೆ ಹಣೆ ಒತ್ತುತ್ತದೆ. ಆ ಸುಖವನ್ನು ಅವಳು ಯಾರ ಮುಂದೆಯೂ ಹೇಳಿಕೊಳ್ಳಲಿಲ್ಲ, ಬಿಟ್ಟುಕೊಡಲೂ ಇಲ್ಲ.

ಕೆಳಗಿನವಳ ಮಾತು ದಿನದಿನಕ್ಕೆ ಹುಳಿಯಾಯಿತು. ದೊರೆಗಳು ಮೇಲೆ ಅರಮನೆ ಮಾಡಿದ್ದಾರಂತೆ, ಕೆಳಗೆ ಆಸ್ಪತ್ರೆ ಮಾತ್ರವಂತೆ ಎಂದು ಗೋಡೆಗೆ ಹೇಳಿದಂತೆ ಹೇಳುತ್ತಿದ್ದಳು. ಒಂದು ಸಂಜೆ ಟವೆಲು ಬಿಚ್ಚುವ ಮೊದಲೇ ನೇರವಾಗಿ ಕೇಳಿದಳು.

"ಮೇಲೆ ಕದ್ದು ಏನು ತಿನ್ನಿಸ್ತೀಯ ಅವನಿಗೆ?"

"ಏನೂ ಇಲ್ಲ. ಇಲ್ಲಿ ಕೊಡೋದೇ ಆ ಒಂದು ಚೂರು ಮೀನು."

"ಮತ್ತೆ ಯಾಕೆ ಬರ್ತಾನೆ ನಿನ್ನ ಹತ್ರ?"

"ಬರೋದು ಬಿಡೋದು ಅವನಿಷ್ಟ, ಅಕ್ಕ. ಹಂಚಿದ್ದು ನೀವೇ."

ಬ್ಲೀಚಿಂಗಮ್ಮ ಸಿರಿಂಜಿನಲ್ಲಿದ್ದ ನೀರನ್ನು ಬೆಕ್ಕಿನ ಕೆನ್ನೆಗೆ ಬಿಟ್ಟು, ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡಳು. ನಲ್ಲಿಯ ನೀರು ಬಹಳ ಹೊತ್ತು ಹರಿಯಿತು.

ಮಾರನೆಯ ದಿನ ಅವಳು ಕ್ರಮ ಬದಲಿಸಿ ನೋಡಿದಳು. ಕೈ ತೊಳೆದು ಬಂದು, ಮೀನನ್ನು ತಾನೇ ಅಂಗೈಯಲ್ಲಿ ಇಟ್ಟು ಚಾಚಿದಳು. ದೊರೆ ಮೂಸಿತು. ಬ್ಲೀಚಿನ ಘಾಟಿಗೆ ಮೂತಿ ಹಿಂದಕ್ಕೆಳೆದು ಸೀನಿತು, ತಿರುಗಿ ನಡೆಯಿತು. ಬರೀ ಸೋಪಿನಲ್ಲಿ ತೊಳೆದು ನೋಡಿದಳು. ಆಗಲೂ ಆ ಬೆರಳುಗಳು ಬಾಯಿ ಬಿಡಿಸುವ ಬೆರಳುಗಳೆಂದು ಅದಕ್ಕೆ ಗೊತ್ತು. ಅವಳು ಆ ಚೂರನ್ನು ನೆಲದ ಮೇಲೆ ಇಟ್ಟು ದೂರ ಹೋದಳು. ಆಮೇಲೆ ಬಂದು ನೋಡಿದರೆ ಇರುವೆಗಳು ಮುತ್ತಿದ್ದವು. ಹಳೆಯ ಕ್ರಮವೇ ಗಟ್ಟಿಯಾಯಿತು. ಇಬ್ಬರೂ ಬೆಳಿಗ್ಗೆ ಸಂಜೆ ಸೇರುತ್ತಿದ್ದರು, ಒಬ್ಬಳು ಹಿಡಿಯುವಳು, ಒಬ್ಬಳು ಹಾಕುವಳು, ಮಾತಿಲ್ಲ ಕತೆಯಿಲ್ಲ. ಮಾತ್ರೆಯನ್ನು ಮಾತ್ರ ಬ್ಲೀಚಿಂಗಮ್ಮ ಒಮ್ಮೆಯೂ ತಪ್ಪಿಸಲಿಲ್ಲ. ನಿಲ್ಲಿಸಿಬಿಟ್ಟರೆ ಬೆಕ್ಕು ಮತ್ತೆ ತನ್ನ ಬಳಿಗೆ ಬಂದೀತು ಎಂಬುದು ಅವಳಿಗೆ ತಿಳಿಯದ್ದೇನಲ್ಲ. ನಿಲ್ಲಿಸಿದರೆ ಬೆಕ್ಕೇ ಇರುವುದಿಲ್ಲ ಎಂಬುದೂ ತಿಳಿದಿತ್ತು.

ಅವಳು ಬಿದ್ದದ್ದು ಬೆಕ್ಕಿನ ಹಿಂದೆ ಹೋಗಿ. ಸಂಜೆಯ ಮಾತ್ರೆಯ ಹೊತ್ತಿಗೆ ದೊರೆ ತಪ್ಪಿಸಿಕೊಂಡು ಮೆಟ್ಟಿಲೇರಿತು, ಅವಳು ಮಾತ್ರೆಯನ್ನು ಮುಷ್ಟಿಯಲ್ಲಿ ಹಿಡಿದು ಹತ್ತಿದಳು, ತಿರುವಿನಲ್ಲಿ ಕಾಲು ಜಾರಿತು. ಸದ್ದು ಕೇಳಿ ಕೋಳಿಯಮ್ಮ ಬಂದಾಗ ಅವಳ ಬಲ ಮಣಿಕಟ್ಟು ಸೊಟ್ಟಗೆ ತಿರುಗಿತ್ತು, ಎಡಗೈ ಇನ್ನೂ ಮಾತ್ರೆಗಾಗಿ ನೆಲ ತಡಕುತ್ತಿತ್ತು. ಅವಳಿಗೆ ಇದ್ದ ಒಬ್ಬಳೇ ಸಂಬಂಧಿ ಅಣ್ಣನ ಮಗಳು. ಸುದ್ದಿ ತಿಳಿದು ಅವಳು ಆ ರಾತ್ರಿಯೇ ಬಂದು, ಆಸ್ಪತ್ರೆಯಲ್ಲಿ ಪ್ಲಾಸ್ಟರು ಹಾಕಿಸಿ, ಅತ್ತೆಯನ್ನು ಒಂಟಿಯಾಗಿ ಬಿಡುವುದಿಲ್ಲ, ಬೇರೆ ಊರಿನ ತನ್ನ ಮನೆಗೆ ಕರೆದೊಯ್ಯುತ್ತೇನೆ ಎಂದಳು. ಬೆಕ್ಕನ್ನೂ ಕರೆದುಕೊಂಡು ಬನ್ನಿ, ನನ್ನದೇನೂ ಅಡ್ಡಿಯಿಲ್ಲ ಎಂದು ಹೊಸ ಬುಟ್ಟಿಯನ್ನೂ ತಂದಿದ್ದಳು. ಈ ಗಡಿಬಿಡಿಯಲ್ಲಿ ಆ ಸಂಜೆಯ ಮಾತ್ರೆ ತಪ್ಪಿಹೋಗಿತ್ತು.

ಮಾರನೆಯ ಬೆಳಿಗ್ಗೆ ಹೊರಡುವ ಮುನ್ನ ಬ್ಲೀಚಿಂಗಮ್ಮ ಕೊರಳಿಗೆ ಕೈ ಕಟ್ಟಿಕೊಂಡು, ಗೋಡೆಗೆ ಭುಜ ಆನಿಸುತ್ತ ಮೇಲಿನ ಕೋಣೆಗೆ ಬಂದಳು. ಅಲ್ಲಿಗೆ ಅವಳು ಬಂದದ್ದು ಅದೇ ಮೊದಲು. ಹಿಂದೆ ಬುಟ್ಟಿ ಹಿಡಿದ ಅಣ್ಣನ ಮಗಳು. ದೊರೆ ಹಾಸಿಗೆಯಿಂದ ಇಳಿದು ಮಂಚದ ಕೆಳಗೆ ಗೋಡೆಯವರೆಗೂ ಸರಿಯಿತು. ಬ್ಲೀಚಿಂಗಮ್ಮ ಸ್ಟೂಲಿನ ಮೇಲೆ ಕೂತು ಹೆಸರು ಹಿಡಿದು ಕರೆದಳು. ಬರಲಿಲ್ಲ. ಪೊರಕೆ ಕಡ್ಡಿಯಿಂದ ಎಳೆಯಲೇ ಅತ್ತೆ ಎಂದು ಅಣ್ಣನ ಮಗಳು ಕೇಳಿದಳು.

"ಬೇಡ. ಎಳ್ಕೊಂಡು ಹೋದ್ರೆ ಅಲ್ಲೂ ಮಂಚದ ಕೆಳಗೇ ಇರ್ತಾನೆ."

ಕೋಳಿಯಮ್ಮ ಕೈ ಚಾಚಿದರೆ ಸಾಕಿತ್ತು, ಬೆಕ್ಕು ಬರುತ್ತಿತ್ತು. ಹಿಡಿದು ಬುಟ್ಟಿಗಿಟ್ಟು ಮುಚ್ಚಳ ಹಾಕುವುದು ಅವಳಿಗೆ ಎಷ್ಟರ ಕೆಲಸ. ಅದು ಇಬ್ಬರಿಗೂ ಗೊತ್ತಿತ್ತು. ಬ್ಲೀಚಿಂಗಮ್ಮ ಅವಳ ಕೈಯನ್ನೇ ನೋಡುತ್ತ ಕೂತಳು, ಬಾಯಿ ಬಿಟ್ಟು ಕೇಳಲಿಲ್ಲ. ಕೋಳಿಯಮ್ಮ ಟವೆಲನ್ನು ಮಡಚಿದಳು, ಬಿಚ್ಚಿದಳು, ಮತ್ತೆ ಮಡಚಿದಳು. ಕೆಳಗೆ ಬೀದಿಯಲ್ಲಿ ಬಾಡಿಗೆ ಕಾರಿನವನು ಹಾರನ್ನು ಒತ್ತಿದ. ಬ್ಲೀಚಿಂಗಮ್ಮ ಎದ್ದು, ಖಾಲಿ ಬುಟ್ಟಿ ಕೆಳಗೆ ಒಯ್ಯುವಂತೆ ಅಣ್ಣನ ಮಗಳಿಗೆ ಹೇಳಿದಳು.

ಅಣ್ಣನ ಮಗಳು ಇಳಿದು ಹೋದ ಮೇಲೆ ಬ್ಲೀಚಿಂಗಮ್ಮ ಎಡಗೈಯಿಂದ ಚೀಲದೊಳಗಿನ ಮಾತ್ರೆಯ ಹಾಳೆ, ಸಿರಿಂಜು ತೆಗೆದು ಮೇಜಿನ ಮೇಲೆ ಇಟ್ಟಳು. ಮಾತ್ರೆಯ ನಡುವಿನ ಗೆರೆಯನ್ನು ಉಗುರಿನಿಂದ ತೋರಿಸಿ, ಅಲ್ಲಿ ಒತ್ತಿದರೆ ಸರಿಯಾಗಿ ಎರಡಾಗುತ್ತದೆ, ಚಾಕು ಬೇಡ, ಪುಡಿಯಾಗುತ್ತದೆ ಎಂದಳು. ನಿನ್ನೆ ಸಂಜೆಯದು ತಪ್ಪಿದೆ, ಇವತ್ತು ಬೆಳಗಿನದು ಇನ್ನೂ ಆಗಿಲ್ಲ ಎಂದು ನೆನಪಿಸಿದಳು. ಮರಳನ್ನು ದಿನಾ ಕೆದಕಿ ನೋಡಬೇಕು, ಒಣಗಿದ್ದರೆ ಆ ಕೂಡಲೇ ಬಸ್ಸು ಹತ್ತಬೇಕು. ಕೋಳಿಯಮ್ಮ ಎಲ್ಲದಕ್ಕೂ ತಲೆಯಾಡಿಸಿದಳು.

ಬಾಗಿಲವರೆಗೂ ಹೋದ ಬ್ಲೀಚಿಂಗಮ್ಮ ಹೊಸ್ತಿಲ ಮೇಲೆ ನಿಂತು ತಿರುಗಿದಳು. ಮಂಚದ ಕೆಳಗಿನ ಎರಡು ಕಣ್ಣುಗಳನ್ನು ನೋಡಿದಳು, ಆಮೇಲೆ ಕೋಳಿಯಮ್ಮನನ್ನು.

"ಇನ್ಮೇಲೆ ಹಿಡಿಯೋದೂ ನೀನೇ, ಬಾಯಿ ಬಿಡಿಸೋದೂ ನೀನೇ. ಮಾತ್ರೆ ಆದ್ಮೇಲೆ ಅವನು ಯಾರ ಹತ್ರ ಓಡಿ ಹೋಗಬೇಕು, ಕೋಳಿಯಮ್ಮ?"